ಇಂಧನ ತುಂಬಿಡಲು ಎಂಥ ಕ್ಯಾನು?

ಬೇಸಾಯದಲ್ಲಿ ಎಂಜಿನ್ ಇರುವ ಸಲಕರಣೆಗಳ ಬಳಕೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಡೀಸೆಲ್ ಪಂಪು, ಪವರ್ ಟಿಲ್ಲರ್, ಪವರ್ ಸ್ಪ್ರೇಯರ್, ತೋಟದಲ್ಲಿ ಕಳೆ ಕೊಚ್ಚುವ ಯಂತ್ರ, ಇವುಗಳಲ್ಲಿ ಒಂದೂ ಇಲ್ಲದ ಊರು ಈಗ ಅಪರೂಪ. ಯಂತ್ರವನ್ನು ಕೊಳ್ಳುವಾಗ ರೈತರು ನಾಲ್ಕು ಅಂಗಡಿ ವಿಚಾರಿಸುತ್ತಾರೆ. ಆದರೆ ಅದಕ್ಕೆ ಇಂಧನ ತರುವ ಕ್ಯಾನಿನ ವಿಷಯದಲ್ಲಿ ಕೈಗೆ ಸಿಕ್ಕಿದ್ದೇ ಸಾಕೆನ್ನುತ್ತಾರೆ. ಹೀಗೆ ಕೈಗೆ ಸಿಗುವುದು ಸಾಮಾನ್ಯವಾಗಿ ಕೀಟನಾಶಕದ ಖಾಲಿ ಕ್ಯಾನು, ಅಡುಗೆ ಎಣ್ಣೆಯ ಕ್ಯಾನು ಅಥವಾ ಕುಡಿಯುವ ನೀರಿನ ಬಾಟಲಿ. ಈ ಮೂರೂ ಇಂಧನಕ್ಕೆ ತಕ್ಕವಲ್ಲ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಮನೆಯವರ ಜೀವಕ್ಕೇ ಅಪಾಯ ತಂದುಕೊಳ್ಳುವುದು ಜಾಣತನವಲ್ಲ.

ಪೆಟ್ರೋಲೇ ಬೇರೆ, ಡೀಸೆಲೇ ಬೇರೆ

ಕ್ಯಾನನ್ನು ಆರಿಸುವ ಮೊದಲು ಅದರಲ್ಲಿ ತುಂಬುವ ಇಂಧನದ ಗುಣ ತಿಳಿದಿರಬೇಕು. ಇಂಧನದಿಂದ ಏಳುವ ಆವಿಯು ಕಿಡಿ ಸೋಕಿದೊಡನೆ ಹೊತ್ತಿಕೊಳ್ಳಲು ಒಂದು ಕನಿಷ್ಠ ಉಷ್ಣತೆ ಬೇಕು. ಪೆಟ್ರೋಲಿಗೆ ಇದು ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಂಟಿಗ್ರೇಡ್ ಕೆಳಗಿದೆ. ಅಂದರೆ ನಮ್ಮ ನಾಡಿನ ಎಂಥ ಚಳಿಯಲ್ಲೂ ಪೆಟ್ರೋಲಿನ ಆವಿ ಹೊತ್ತಲು ಸಿದ್ಧವಾಗಿಯೇ ಇರುತ್ತದೆ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹೋಗದೆ ನೆಲದ ಮೇಲೆ ಹರಿದು, ದೂರದಲ್ಲಿರುವ ಒಲೆಯನ್ನೋ ದೀಪವನ್ನೋ ಮುಟ್ಟಬಲ್ಲದು.

ಭಾರತೀಯ ಮಾನಕದ ಪ್ರಕಾರ ಡೀಸೆಲಿನಲ್ಲಿ ಈ ಉಷ್ಣತೆ 35 ಡಿಗ್ರಿಗಿಂತ ಕಡಿಮೆ ಇರಕೂಡದು. ಆದ್ದರಿಂದ ಡೀಸೆಲ್ ಪೆಟ್ರೋಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಇದು ನೆರಳಿನಲ್ಲಿಟ್ಟ ಡೀಸೆಲಿಗೆ ಸಲ್ಲುವ ಮಾತು. ಬೇಸಿಗೆಯ ಮಧ್ಯಾಹ್ನ ಬಿಸಿಲಿನಲ್ಲಿ ಬಿಟ್ಟ ಕ್ಯಾನು ಈ ಉಷ್ಣತೆಯನ್ನು ಮೀರಿ ಕಾಯುವುದು ಕಷ್ಟವೇನಲ್ಲ.

ಕಾಯಿದೆ ಏನು ಹೇಳುತ್ತದೆ?

1934ರ ಪೆಟ್ರೋಲಿಯಂ ಕಾಯಿದೆಯ ಪ್ರಕಾರ, ಮಾರಾಟಕ್ಕಲ್ಲದೆ ಸ್ವಂತಕ್ಕಾಗಿ 30 ಲೀಟರಿನವರೆಗೆ ಪೆಟ್ರೋಲನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಅದನ್ನು ಭದ್ರವಾಗಿ ಮುಚ್ಚಿದ ಗಾಜು, ಪಿಂಗಾಣಿ ಜಾಡಿಯಂಥ ಸುಟ್ಟ ಮಣ್ಣು ಅಥವಾ ಲೋಹದ ಪಾತ್ರೆಯಲ್ಲಿಯೇ ಇಡತಕ್ಕದ್ದು. ಗಾಜು ಮತ್ತು ಮಣ್ಣಿನ ಪಾತ್ರೆ 1 ಲೀಟರನ್ನೂ, ಲೋಹದ ಪಾತ್ರೆ 25 ಲೀಟರನ್ನೂ ಮೀರಬಾರದು. ಈ ಪಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ಹೆಸರಿಲ್ಲ ಎಂಬುದನ್ನು ಗಮನಿಸಬೇಕು. ಅಮೆರಿಕದಂಥ ದೇಶಗಳಲ್ಲಿ ಪೆಟ್ರೋಲಿಗೆಂದೇ ತಯಾರಾದ ಕೆಂಪು ಪ್ಲಾಸ್ಟಿಕ್ ಕ್ಯಾನು ಬಳಕೆಯಲ್ಲಿದೆಯೆಂದು ಇಲ್ಲಿಯೂ ಅದನ್ನೇ ಅನುಸರಿಸುವಂತಿಲ್ಲ.

ಡೀಸೆಲ್ 'ಬಿ' ವರ್ಗಕ್ಕೆ ಸೇರಿದ್ದು. ಒಂದೊಂದು ಪಾತ್ರೆ 1,000 ಲೀಟರನ್ನು ಮೀರದಂತೆ ಒಟ್ಟು 2,500 ಲೀಟರಿನವರೆಗೆ ಪರವಾನಗಿ ಬೇಕಿಲ್ಲ. ಆದ್ದರಿಂದ ರೈತರು ನೆನಪಿಡಬೇಕಾದ ಸೂತ್ರ ಸರಳ: ಪೆಟ್ರೋಲಿಗೆ ಲೋಹದ ಕ್ಯಾನು, ಡೀಸೆಲಿಗೆ ಒಳ್ಳೆಯ ಪ್ಲಾಸ್ಟಿಕ್ ಕ್ಯಾನು.

ಡೀಸೆಲಿಗೆ ಪ್ಲಾಸ್ಟಿಕ್ ಕ್ಯಾನಿನ ಆಯ್ಕೆ

ಪ್ಲಾಸ್ಟಿಕ್ ಎಲ್ಲವೂ ಒಂದೇ ಅಲ್ಲ. ಥರ್ಮೋಕೋಲಿನ ಮೇಲೆ ಪೆಟ್ರೋಲಿನ ಹನಿ ಬಿದ್ದರೆ ಅದು ಕಣ್ಣೆದುರಿಗೇ ಕರಗಿ ಹೋಗುತ್ತದೆ. ಅದೂ ಒಂದು ಪ್ಲಾಸ್ಟಿಕ್ಕೇ. ಕ್ಯಾನು ಕೊಳ್ಳುವಾಗ ಈ ಅಂಶಗಳನ್ನು ನೋಡಬೇಕು.

1. ವಸ್ತು: ಅಧಿಕ ಸಾಂದ್ರತೆಯ ಪಾಲಿಎಥಿಲೀನ್, ಅಂದರೆ ಎಚ್.ಡಿ.ಪಿ.ಇ. ಕ್ಯಾನು ಡೀಸೆಲಿಗೆ ಸೂಕ್ತ. ತಳದಲ್ಲಿ ತ್ರಿಕೋನದ ನಡುವೆ 2 ಎಂಬ ಅಂಕಿ ಇರುತ್ತದೆ. ನೀರಿನ ಬಾಟಲಿಯ ತಳದಲ್ಲಿರುವುದು 1. ಅಪಾಯಕಾರಿ ದ್ರವಗಳ ಸಾಗಣೆಗೆ ಅಂತರರಾಷ್ಟ್ರೀಯ ನಿಯಮದಂತೆ ಪರೀಕ್ಷೆಯಾದ, ಮೇಲ್ಭಾಗ ತೆಗೆಯಲಾಗದ ಪ್ಲಾಸ್ಟಿಕ್ ಕ್ಯಾನಿನ ಮೇಲೆ 3ಎಚ್1 ಎಂಬ ಗುರುತು ಅಚ್ಚಾಗಿರುತ್ತದೆ. ಇದು ಸಿಕ್ಕಿದರೆ ಉತ್ತಮ.

2. ಗೋಡೆ: ಎರಡೂ ಹೆಬ್ಬೆರಳಿನಿಂದ ಒತ್ತಿದರೆ ಕೂಡಲೆ ತಗ್ಗು ಬೀಳುವ ಕ್ಯಾನು ಬೇಡ. ಹಿಡಿಯ ಬುಡ, ಮೂಲೆ ಮತ್ತು ಅಚ್ಚಿನ ಜೋಡಣೆಯ ಗೆರೆ, ಈ ಮೂರು ಕಡೆ ಬಿರುಕು ಮೊದಲು ಕಾಣುತ್ತದೆ.

3. ಮುಚ್ಚಳ: ತಿರುಪಿನ ಮುಚ್ಚಳವೇ ಆಗಬೇಕು, ಒತ್ತಿ ಕೂರಿಸುವ ಮುಚ್ಚಳ ಬೇಡ. ಒಳಗಿನ ವಾಷರ್ ಸಾಮಾನ್ಯ ರಬ್ಬರಿನದಾದರೆ ಡೀಸೆಲಿನಲ್ಲಿ ಉಬ್ಬಿ ಕೆಡುತ್ತದೆ. ನೈಟ್ರೈಲ್ ರಬ್ಬರಿನ ವಾಷರ್ ಬಾಳಿಕೆ ಬರುತ್ತದೆ.

4. ಗಾತ್ರ: 20 ಲೀಟರ್ ಡೀಸೆಲಿನ ತೂಕ ಸುಮಾರು 16ರಿಂದ 17 ಕಿಲೋ. ಗದ್ದೆಯ ಬದುವಿನ ಮೇಲೆ ಇದನ್ನು ಒಂದು ಕೈಯಲ್ಲಿ ಹೊರುವುದಕ್ಕಿಂತ 10 ಲೀಟರಿನ ಎರಡು ಕ್ಯಾನು ಹೊರುವುದು ಹಗುರ, ಚೆಲ್ಲುವುದೂ ಕಡಿಮೆ.

5. ಬಣ್ಣ: ಬಿಳಿಯ ಕ್ಯಾನಿನಲ್ಲಿ ಎಷ್ಟು ಉಳಿದಿದೆ ಎಂಬುದು ಕಾಣುತ್ತದೆ. ಇದ್ದಿಲ ಕಪ್ಪು ಬೆರೆಸಿದ ಕ್ಯಾನು ಬಿಸಿಲಿಗೆ ಬೇಗ ಪೆಡಸಾಗುವುದಿಲ್ಲ. ಯಾವುದೇ ಬಣ್ಣವಿರಲಿ, ನೆರಳಿನಲ್ಲಿಡುವುದೇ ಸರಿಯಾದ ಕ್ರಮ.

ಹೊಸ ಕ್ಯಾನನ್ನು ಮನೆಯಲ್ಲೇ ಪರೀಕ್ಷಿಸಬಹುದು. ನೀರು ತುಂಬಿ, ಮುಚ್ಚಳ ಬಿಗಿದು, ಒಣ ಕಾಗದದ ಮೇಲೆ ಒಂದು ರಾತ್ರಿ ಮಲಗಿಸಿಡಬೇಕು. ಬೆಳಗ್ಗೆ ಕಾಗದ ಒದ್ದೆಯಾಗಿದ್ದರೆ ಕ್ಯಾನನ್ನು ಅಂಗಡಿಗೆ ಹಿಂತಿರುಗಿಸಬೇಕು. ಸರಿಯಾಗಿದ್ದರೆ ಒಂದು ಹನಿಯೂ ಉಳಿಯದಂತೆ ಒಣಗಿಸಿ ಇಂಧನ ತುಂಬಬೇಕು.

ಕೀಟನಾಶಕದ ಕ್ಯಾನು ಏಕೆ ಬೇಡ?

ಕೀಟನಾಶಕದ ಕ್ಯಾನು ಗಟ್ಟಿಯಾಗಿರುತ್ತದೆ, ಮುಚ್ಚಳವೂ ಭದ್ರ. ಹಾಗಾಗಿ ಅದನ್ನು ಎಸೆಯಲು ಮನಸ್ಸು ಬಾರದು. ಆದರೆ ಎಷ್ಟು ತೊಳೆದರೂ ವಿಷದ ಅಂಶ ಪ್ಲಾಸ್ಟಿಕ್ಕಿನ ಮೈಯಲ್ಲಿ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ಹಳ್ಳಿಯ ಮನೆಯಲ್ಲಿ ಕ್ಯಾನು ಒಂದೇ ಕೆಲಸದಲ್ಲಿ ನಿಲ್ಲುವುದಿಲ್ಲ. ಈ ವರ್ಷ ಔಷಧಿಯ ಕ್ಯಾನು, ಮುಂದಿನ ವರ್ಷ ಡೀಸೆಲಿನ ಕ್ಯಾನು. ಚೀಟಿ ಹರಿದು, ವಾಸನೆ ಮಾಸಿದ ಮೇಲೆ ಅದೇ ಕ್ಯಾನು ಕಟಾವಿನ ದಿನ ಆಳುಗಳಿಗೆ ನೀರು ಹೊರುತ್ತದೆ. ಅದರ ಹಿಂದಿನ ಕಥೆ ಕುಡಿಯುವವರಿಗೆ ತಿಳಿಯದು. 1971ರ ಕೀಟನಾಶಕ ನಿಯಮಗಳು ಖಾಲಿ ಡಬ್ಬಿಗಳನ್ನು ಮತ್ತೆ ಬಳಸದಂತೆ ಒಡೆದು, ವಸತಿಯಿಂದ ದೂರ ಹೂಳಬೇಕೆಂದು ವಿಧಿಸಿರುವುದು ಈ ಕಾರಣದಿಂದಲೇ. ಸಿಂಪರಣೆಯ ದಿನವೇ ಕ್ಯಾನನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಸಿಂಪರಣಾ ಟ್ಯಾಂಕಿಗೇ ಸುರಿದು, ಕ್ಯಾನಿಗೆ ತೂತು ಮಾಡಿಬಿಟ್ಟರೆ ಅದು ಡೀಸೆಲಿಗೂ ಬಾರದು, ನೀರಿಗೂ ಬಾರದು.

ನೀರಿನ ಬಾಟಲಿಯಲ್ಲಿ ಪೆಟ್ರೋಲು ತರುವುದೂ ಇಷ್ಟೇ ಅಪಾಯಕರ. ಮಕ್ಕಳು ಬಾಟಲಿಯ ರೂಪ ನೋಡಿ ಕುಡಿಯುತ್ತಾರೆ. ಹೀಗಾದಲ್ಲಿ ವಾಂತಿ ಮಾಡಿಸಲೇಬಾರದು. ವಾಂತಿಯಾದರೆ ಇಂಧನ ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಕುತ್ತಾಗಬಹುದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕ್ಯಾನಿನಿಂದ ಡೀಸೆಲನ್ನು ಕೊಳವೆ ಹಾಕಿ ಬಾಯಿಂದ ಎಳೆಯುವ ಅಭ್ಯಾಸವನ್ನೂ ಇದೇ ಕಾರಣಕ್ಕೆ ಬಿಡಬೇಕು. ಕೈಪಂಪು ಅಥವಾ ಜರಡಿ ಇರುವ ಲಾಳಿಕೆ ಬಳಸುವುದು ಕ್ಷೇಮ.

ತುಂಬುವಾಗ ಮತ್ತು ಇಡುವಾಗ

ಇಂಧನ ಹರಿಯುವಾಗ ಸ್ಥಾಯಿ ವಿದ್ಯುತ್ತು ಹುಟ್ಟುತ್ತದೆ. ಅದರಿಂದ ಏಳುವ ಕಿಡಿ ಪೆಟ್ರೋಲಿನ ಆವಿಗೆ ಸಾಕು. ಬಂಕಿನಲ್ಲಿ ಕ್ಯಾನನ್ನು ಬೈಕಿನ ಮೇಲಾಗಲಿ ಟ್ರೇಲರಿನಲ್ಲಾಗಲಿ ಇಟ್ಟು ತುಂಬಿಸದೆ, ನೆಲದ ಮೇಲಿಟ್ಟು, ಕೊಳವೆಯ ತುದಿ ಕ್ಯಾನಿನ ಬಾಯಿಗೆ ತಾಗಿರುವಂತೆ ನಿಧಾನವಾಗಿ ತುಂಬಿಸಬೇಕು.

ಕಂಠಮಟ್ಟ ತುಂಬುವುದು ತಪ್ಪು. ಉಷ್ಣತೆ 20 ಡಿಗ್ರಿ ಏರಿದರೆ 20 ಲೀಟರ್ ಡೀಸೆಲ್ ಸುಮಾರು ಮೂರನೆಯ ಒಂದು ಲೀಟರಿನಷ್ಟು ಹಿಗ್ಗುತ್ತದೆ. ಆದ್ದರಿಂದ 20 ಲೀಟರಿನ ಕ್ಯಾನಿಗೆ 19 ಲೀಟರ್ ಸಾಕು.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಬೇರ್ಪಟ್ಟು ತಳಕ್ಕೆ ಇಳಿದು ಎಂಜಿನ್ನಿಗೆ ಕಾಟ ಕೊಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಒಂದು ತಿಂಗಳೊಳಗೆ ಮುಗಿಯುವಷ್ಟು ಪೆಟ್ರೋಲನ್ನು ಮಾತ್ರ ತರುವುದು ಲೇಸು. ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಬೆರೆಸಿದ ಪೆಟ್ರೋಲಿಗೆ ಬೇರೆ ಕ್ಯಾನು ಇಟ್ಟು ಪ್ರಮಾಣವನ್ನು ಅದರ ಮೇಲೆ ಬರೆಯಬೇಕು. ತಯಾರಕರು 50:1 ಎಂದಿದ್ದರೆ ಲೀಟರಿಗೆ 20 ಮಿಲಿ, 25:1 ಎಂದಿದ್ದರೆ 40 ಮಿಲಿ ಆಯಿಲ್.

ಕ್ಯಾನನ್ನು ಅಡುಗೆಮನೆ, ಮಲಗುವ ಕೋಣೆ, ಪಂಪಿನ ಸ್ಟಾರ್ಟರ್ ಇರುವ ಜಾಗ ಮತ್ತು ಹುಲ್ಲಿನ ಬಣವೆಯಿಂದ ದೂರ, ಗಾಳಿಯಾಡುವ ಬೇರೆ ಮಾಡಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಓಡಿ ಬಿಸಿಯಾದ ಎಂಜಿನ್ ತಣಿಯುವವರೆಗೆ ಇಂಧನ ಸುರಿಯಬಾರದು.

ಕ್ಯಾನಿಗೂ ಆಯುಷ್ಯವಿದೆ

ಅಪಾಯಕಾರಿ ದ್ರವ ಸಾಗಿಸುವ ಪ್ಲಾಸ್ಟಿಕ್ ಕ್ಯಾನಿಗೆ ಅಂತರರಾಷ್ಟ್ರೀಯ ನಿಯಮ ವಿಧಿಸಿರುವ ಅವಧಿ, ತಯಾರಾದಂದಿನಿಂದ ಸಾಮಾನ್ಯವಾಗಿ 5 ವರ್ಷ. ಮನೆಯ ಬಳಕೆಗೂ ಇದು ಒಳ್ಳೆಯ ಅಳತೆ. ಮೈ ಬಿಳಿಚಿಕೊಂಡು ಪೆಡಸಾದರೆ, ತಳ ಉಬ್ಬಿದರೆ, ಮುಚ್ಚಳ ಬಿಗಿದರೂ ವಾಸನೆ ಬರುತ್ತಿದ್ದರೆ 5 ವರ್ಷದ ಮೊದಲೇ ಬದಲಿಸಬೇಕು. ಬಿಸಾಡುವ ಮುನ್ನ ತೂತು ಮಾಡುವುದನ್ನು ಮರೆಯಬಾರದು.

ರೈತ ಬಾಂಧವರು ಕ್ಯಾನು ತಂದ ದಿನವೇ ಅದರ ಎರಡೂ ಬದಿಗೆ ಅಳಿಸದ ಬಣ್ಣದಲ್ಲಿ ಇಂಧನದ ಹೆಸರನ್ನು ದೊಡ್ಡದಾಗಿ ಬರೆದು, ಓದು ಬಾರದವರಿಗೂ ತಿಳಿಯುವಂತೆ ಕತ್ತಿಗೆ ಕೆಂಪು ಪಟ್ಟಿ ಬಳಿಯುವುದು ಅವಶ್ಯ. ಒಂದು ಕ್ಯಾನಿಗೆ ಒಂದೇ ಇಂಧನ, ಕೊನೆಯವರೆಗೂ ಅದೇ ಇಂಧನ. ಈ ಒಂದು ಕಟ್ಟುನಿಟ್ಟನ್ನು ಪಾಲಿಸಿದರೆ ಮನೆಗೆ ಅರ್ಧ ಕ್ಷೇಮ ದೊರೆತಂತೆಯೇ.