ಪೊರಕೆಗೆ ಮೊದಲು ಕಿಟಕಿ

ಮೇ ತಿಂಗಳ ಕೊನೆಯ ಸೋಮವಾರ ಅಮೆರಿಕದಲ್ಲಿ ಮೆಮೋರಿಯಲ್ ಡೇ ರಜೆ. ಶನಿವಾರ, ಭಾನುವಾರ ಸೇರಿದರೆ ಮೂರು ದಿನ. ಕೊಲೊರಾಡೊದ ಡೆನ್ವರ್, ಬೌಲ್ಡರ್ ಕಡೆಯವರು ರಾಕಿ ಪರ್ವತದ ಮೇಲಿನ ತಮ್ಮ ಕ್ಯಾಬಿನ್ನಿನ ಬೀಗ ತೆಗೆಯುವುದು ಹೆಚ್ಚಾಗಿ ಈ ರಜೆಯಲ್ಲೇ. ಕ್ಯಾಬಿನ್ ಎಂದರೆ ಪೈನ್ ಮರಗಳ ನಡುವೆ ಮರದಿಂದಲೇ ಕಟ್ಟಿದ ಎರಡು ಮೂರು ಕೋಣೆಯ ಮನೆ. ಅಲ್ಲಿನ ಎಸ್ಟೆಸ್ ಪಾರ್ಕ್ ಎಂಬ ಊರೇ 2,300 ಮೀಟರ್ ಎತ್ತರದಲ್ಲಿದೆ, ಹಲವು ಕ್ಯಾಬಿನ್ನುಗಳು ಅದಕ್ಕೂ ಮೇಲೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿ 1,930 ಮೀಟರಿನ ಆಸುಪಾಸು ಎಂಬುದನ್ನು ನೆನೆದರೆ ಅಲ್ಲಿನ ಚಳಿಯ ಅಂದಾಜು ಸಿಕ್ಕೀತು.

ಹಿಂದಿನ ಅಕ್ಟೋಬರಿನಲ್ಲಿ ಪೈಪುಗಳ ನೀರನ್ನೆಲ್ಲ ಬಸಿದು, ಹಾಸಿಗೆ ಸುತ್ತಿಟ್ಟು, ಬೀಗ ಜಡಿದು ಬಂದ ಮನೆ ಅದು. ನೀರು ಬಸಿಯದಿದ್ದರೆ ಪೈಪಿನೊಳಗೇ ಮಂಜುಗಟ್ಟಿ ಹಿಗ್ಗಿ ಒಡೆದುಹಾಕುತ್ತದೆ. ಈಗ ನೀರು ಬಿಟ್ಟು ಸೋರಿಕೆ ನೋಡಬೇಕು, ಗ್ಯಾಸ್ ಒಲೆ ಪರೀಕ್ಷಿಸಬೇಕು, ಹೊಗೆಗೂಡಿನ ಮಸಿ ತೆಗೆಯಬೇಕು, ಹಿಮದ ಭಾರಕ್ಕೆ ಮುರಿದುಬಿದ್ದ ಕೊಂಬೆ ಎಳೆದುಹಾಕಬೇಕು. ಗಂಡಸರು ಪೈಪಿನ ಸುತ್ತ, ಮಕ್ಕಳು ಕೊಂಬೆಗಳ ಸುತ್ತ. ಕನ್ನಡದ ಕುಟುಂಬವಾಗಿದ್ದರೆ ಬೇಸಿಗೆಗೆಂದು ಊರಿನಿಂದ ಬಂದ ಅಜ್ಜಿಯೂ ಇರುತ್ತಾರೆ. ಒಳಗೆ ಕಾಲಿಟ್ಟ ಅಜ್ಜಿ ಮೊದಲು ಹುಡುಕುವುದು ಪೊರಕೆಯನ್ನು. ಏಳು ತಿಂಗಳು ಮುಚ್ಚಿದ್ದ ಮನೆ, ಕಸ ಗುಡಿಸದೆ ಒಲೆ ಹಚ್ಚುವುದು ಹೇಗೆ?

“ಅತ್ತೆ, ಅದನ್ನ ಅಲ್ಲೇ ಇಡಿ. ಮೊದಲು ಹೊರಗೆ ಬನ್ನಿ.”

“ಇಲಿ ಹಿಕ್ಕೆ ಬಿದ್ದಿದೆಯಲ್ಲೇ, ಅದರ ಮೇಲೇ ಓಡಾಡೋದಾ?”

“ಅದಕ್ಕೇ ಬನ್ನಿ ಅಂದದ್ದು.”

ಸೊಸೆ ಹೇಳಿದ್ದು ಸರಿ. ಆ ಮನೆಯಲ್ಲಿರುವ ಸಾಮಾನುಗಳಲ್ಲಿ, ಕೊಡಲಿ ಗರಗಸಗಳನ್ನೂ ಸೇರಿಸಿ ಹೇಳುತ್ತೇನೆ, ಆ ಹೊತ್ತಿಗೆ ಅತ್ಯಂತ ಅಪಾಯಕಾರಿಯಾದದ್ದು ಪೊರಕೆ. ಯಾಕೆಂದು ತಿಳಿಯಲು ಹಿಕ್ಕೆ ಹಾಕಿದವರ ಪರಿಚಯ ಮಾಡಿಕೊಳ್ಳಬೇಕು.

ಅಡುಗೆಮನೆಯ ಕೆಳಗಿನ ಡ್ರಾಯರ್ ಎಳೆದರೆ ಅವರ ಸಂಸಾರ ಕಾಣುತ್ತದೆ. ಮೂಲೆಯಲ್ಲಿ ಮುಷ್ಟಿಗಾತ್ರದ ಗೂಡು: ರಜಾಯಿಯಿಂದ ಕಿತ್ತ ಹತ್ತಿ, ಎಳೆ ಎಳೆಯಾಗಿ ಬಿಡಿಸಿದ ಕಾಗದ, ಒಣಹುಲ್ಲು, ಯಾವುದೋ ಹಕ್ಕಿಯ ಗರಿ. ಒಳಗೆ ಬೆರಳಗಲದ ಕುಳಿ. ಸುತ್ತಲೂ ಜೀರಿಗೆ ಕಾಳಿನಷ್ಟು ಕಪ್ಪು ಹಿಕ್ಕೆಗಳು. ಬಾಗಿಲ ಹಿಂದಿನ ಹಳೆಯ ಬೂಟನ್ನು ಅಲುಗಿಸಿದರೆ ಒಳಗಿಂದ ಪೈನ್ ಬೀಜಗಳ ಸದ್ದು. ಪುಟ್ಟ ಪ್ರಾಣಿಯ ಬಾಯಿ ಒಂದೊಂದಾಗಿ ಹೊತ್ತು ತಂದು ತುಂಬಿದ ಚಳಿಗಾಲದ ಕಣಜ ಅದು.

ಪ್ರಾಣಿಯ ಹೆಸರು ಡಿಯರ್ ಮೌಸ್, ವೈಜ್ಞಾನಿಕವಾಗಿ ಪೆರೊಮಿಸ್ಕಸ್ ಮ್ಯಾನಿಕ್ಯುಲೇಟಸ್. ಜಿಂಕೆಯ ಬಣ್ಣವಿರುವುದರಿಂದ ಆ ಹೆಸರು. ಬೆನ್ನು ಕಂದು, ಹೊಟ್ಟೆ ಮತ್ತು ಪಾದ ಅಚ್ಚ ಬಿಳುಪು. ತೂಕ 20 ಗ್ರಾಮಿನ ಸುಮಾರು. ನಮ್ಮ ಮನೆಗಳ ಸುಂಡಿಲಿಯ ಬಾಲ ಒಂದೇ ಬಣ್ಣದ್ದು. ಇದರ ಬಾಲ ಮೇಲೆ ಕಪ್ಪು, ಕೆಳಗೆ ಬಿಳಿ, ನಡುವೆ ಗೆರೆ ಎಳೆದಂತೆ ಸ್ಪಷ್ಟ. ಕಿವಿ ದೊಡ್ಡವು, ಕಣ್ಣು ಇನ್ನೂ ದೊಡ್ಡವು. ಹೆದರಿದಾಗ ಮುಂಗಾಲಿನಿಂದ ನೆಲವನ್ನು ಪಟಪಟ ಬಡಿಯುತ್ತದೆ. ನೋಡಲು ಇಷ್ಟು ಚೆಂದದ ಇಲಿ ನಮ್ಮ ಕಡೆ ಇಲ್ಲವೆಂದೇ ಹೇಳಬೇಕು.

ಇಷ್ಟು ಸಣ್ಣ ದೇಹಕ್ಕೆ ಆ ಚಳಿಯಲ್ಲಿ ಬದುಕುವುದೇ ದೊಡ್ಡ ಲೆಕ್ಕಾಚಾರ. ದೇಹ ಸಣ್ಣದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಹಾಗಾಗಿ ಶಾಖ ಸೋರುವುದೂ ಹೆಚ್ಚು. ಕರಡಿ ಕೊಬ್ಬು ತುಂಬಿಕೊಂಡು ಮಲಗಿಬಿಡುತ್ತದೆ. 20 ಗ್ರಾಮಿನ ಇಲಿಗೆ ಅಷ್ಟು ಕೊಬ್ಬು ಹೊರಲಾಗದು. ಅದಕ್ಕೆ ತಿಂಗಳುಗಟ್ಟಲೆಯ ಶಿಶಿರನಿದ್ರೆ ಇಲ್ಲ. ಕೂಡಿಟ್ಟ ಬೀಜ ತಿನ್ನುತ್ತ, ನಾಲ್ಕಾರು ಇಲಿಗಳು ಒಂದೇ ಗೂಡಿನಲ್ಲಿ ಒತ್ತೊತ್ತಾಗಿ ಮಲಗಿ ಶಾಖ ಹಂಚಿಕೊಳ್ಳುತ್ತವೆ. ಅದೂ ಸಾಲದ ದಿನ ಕೆಲವು ತಾಸುಗಳ ಮಟ್ಟಿಗೆ ದೇಹದ ಉಷ್ಣತೆಯನ್ನು 20 ಡಿಗ್ರಿಯ ಆಸುಪಾಸಿಗೆ ಇಳಿಸಿ, ಉಸಿರು ಎದೆಬಡಿತ ತಗ್ಗಿಸಿ ಬಿದ್ದುಕೊಳ್ಳುತ್ತವೆ. ಆಮೇಲೆ ಮತ್ತೆ ಮೈ ಕಾಯಿಸಿಕೊಂಡು ಎದ್ದು ಓಡಾಡುತ್ತವೆ.

ಗಾಳಿ ತೆಳುವಾಗಿರುವುದು ಇನ್ನೊಂದು ತೊಡಕು. ಡೆನ್ವರ್‌ನಿಂದ ಕಾಣುವ ಮೌಂಟ್ ಬ್ಲೂ ಸ್ಕೈ ಶಿಖರ (2023ರವರೆಗೆ ಇದರ ಹೆಸರು ಮೌಂಟ್ ಇವಾನ್ಸ್) 4,300 ಮೀಟರಿಗೂ ಎತ್ತರ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಶೇ. 60ರಷ್ಟು. ಆ ತುದಿಯಲ್ಲೂ ಡಿಯರ್ ಮೌಸ್ ಇದೆ. ನೆಬ್ರಾಸ್ಕ ವಿಶ್ವವಿದ್ಯಾಲಯದ ಜೇ ಸ್ಟಾರ್ಜ್ ಮತ್ತು ಸಂಗಡಿಗರು ಬೆಟ್ಟದ ಇಲಿಗಳ ರಕ್ತವನ್ನು ಬಯಲಿನ ಇಲಿಗಳ ರಕ್ತದೊಂದಿಗೆ ಹೋಲಿಸಿ ನೋಡಿದರು. ಬೆಟ್ಟದವುಗಳ ಹಿಮೋಗ್ಲೋಬಿನ್‌ನಲ್ಲಿ ಒಂದಷ್ಟು ಅಮೈನೋ ಆಮ್ಲಗಳು ಬದಲಾಗಿದ್ದವು, ಅದರಿಂದ ಅದು ಆಮ್ಲಜನಕವನ್ನು ಹೆಚ್ಚು ಗಟ್ಟಿಯಾಗಿ ಹಿಡಿಯುತ್ತಿತ್ತು. ವಿಕಾಸ ಹೇಗೆ ಕೆಲಸ ಮಾಡುತ್ತದೆಂದು ತೋರಿಸಲು ವಿಜ್ಞಾನಿಗಳಿಗೆ ಈ ಇಲಿ ಅಚ್ಚುಮೆಚ್ಚು.

ಇಂಥ ಪ್ರಾಣಿಗೆ, ಹಿಮ ಬೀಳುವ ಮುನ್ನ, ಗೋಡೆಯೊಳಗೆ ಶಾಖ ತಡೆಯುವ ಮೆತ್ತೆ ತುಂಬಿದ, ನರಪಿಳ್ಳೆ ಇಲ್ಲದ ಮರದ ಮನೆಯೊಂದು ಕಣ್ಣಿಗೆ ಬಿದ್ದರೆ ಬಿಟ್ಟೀತೆ? ಒಳಗೆ ನುಗ್ಗಲು ಅದಕ್ಕೆ ಬೇಕಾದದ್ದು ಕಾಲು ಅಂಗುಲದ ಸಂದು. ಪೆನ್ಸಿಲ್ ತೂರುವ ಕಡೆ ಇಲಿಯೂ ತೂರುತ್ತದೆ.

ಇಲಿ ತಾನಾಗಿ ಯಾರನ್ನೂ ಕೆಣಕುವುದಿಲ್ಲ. ಕೇಡು ಇರುವುದು ಅದರ ಮೈಯಲ್ಲಿ ಮನೆಮಾಡಿರುವ ಹಾಂಟಾವೈರಸ್‌ನಲ್ಲಿ. ಎಲ್ಲ ಇಲಿಗಳಲ್ಲೂ ಇರುವುದಿಲ್ಲ. ಇದ್ದರೂ ಇಲಿಗೆ ಏನೂ ಆಗುವುದಿಲ್ಲ. ಅದು ಆರಾಮಾಗಿ ತಿಂದುಂಡುಕೊಂಡು, ಬದುಕಿರುವಷ್ಟು ಕಾಲ ಮೂತ್ರ, ಹಿಕ್ಕೆ, ಜೊಲ್ಲಿನಲ್ಲಿ ವೈರಸ್ ಬಿಡುತ್ತಿರುತ್ತದೆ. ಒಂದಕ್ಕೊಂದು ಕಚ್ಚಾಡಿದಾಗ ಇಲಿಯಿಂದ ಇಲಿಗೆ ದಾಟುತ್ತದೆ.

ಡಿಯರ್ ಮೌಸ್‌ನ ಈ ವೈರಸ್ ಲೋಕದ ಗಮನಕ್ಕೆ ಬರತೊಡಗಿದ್ದು 1993ರ ಮೇ ತಿಂಗಳಿನಲ್ಲಿ. ನ್ಯೂ ಮೆಕ್ಸಿಕೊ, ಅರಿಜೋನ, ಯೂಟಾ, ಕೊಲೊರಾಡೊಗಳ ಗಡಿ ಒಂದೇ ಬಿಂದುವಿನಲ್ಲಿ ಕೂಡುವ ಫೋರ್ ಕಾರ್ನರ್ಸ್ ಸೀಮೆಯಲ್ಲಿ ಮೂಲನಿವಾಸಿ ನವಾಹೊ ಬುಡಕಟ್ಟಿನ ಗಟ್ಟಿಮುಟ್ಟಾದ ಯುವಕನೊಬ್ಬ, ಓಟದಲ್ಲಿ ಹೆಸರು ಮಾಡಿದವನು, ಇದ್ದಕ್ಕಿದ್ದಂತೆ ಉಸಿರು ಕಟ್ಟಿ ತೀರಿಕೊಂಡ. ಅವನು ಹೊರಟದ್ದು ಅದೇ ಥರ ತೀರಿಕೊಂಡಿದ್ದ ತನ್ನ ವಾಗ್ದತ್ತೆಯ ಅಂತ್ಯಕ್ರಿಯೆಗೆ. ಇನ್ನೂ ಹಲವರು ಹಾಗೆಯೇ ಸತ್ತರು. ಪತ್ರಿಕೆಗಳು ನವಾಹೊ ಜನರ ಹೆಸರನ್ನೇ ಆ ರೋಗಕ್ಕೆ ಅಂಟಿಸಿದವು. ಇದರಷ್ಟು ಹೇಸಿಗೆಯ ಕೆಲಸ ಇನ್ನೊಂದಿಲ್ಲ. ಕೆಲವೇ ವಾರಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿ.ಡಿ.ಸಿ. ಇದು ಹಾಂಟಾವೈರಸ್ ಬಳಗದ್ದೆಂದೂ, ಹೊತ್ತು ತಿರುಗುತ್ತಿರುವುದು ಡಿಯರ್ ಮೌಸ್ ಎಂದೂ ಪತ್ತೆಮಾಡಿತು. ಹಿಂದಿನ ಚಳಿಗಾಲದಲ್ಲಿ ಎಲ್ ನಿನ್ಯೊ ಪ್ರಭಾವದಿಂದ ಆ ಒಣಸೀಮೆಗೆ ಅಪರೂಪದ ಮಳೆ ಹಿಮ ಬಿದ್ದಿತ್ತು. ಪಿನ್ಯಾನ್ ಪೈನ್ ಬೀಜ ಯಥೇಚ್ಛ, ಇಲಿಗಳೂ ಯಥೇಚ್ಛ. ಮಳೆ ಹೆಚ್ಚಾದ ವರ್ಷ ಇಲಿ ಹೆಚ್ಚುತ್ತದೆ, ಇಲಿಯಿಂದ ಕಾಯಿಲೆ ಬರುತ್ತದೆ, ಅವನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು ಎಂಬ ಮಾತು ನವಾಹೊ ಹಿರಿಯರಲ್ಲಿ ಮೊದಲಿನಿಂದಲೂ ಇತ್ತು. ಊರು, ಕಣಿವೆಗಳ ಹೆಸರನ್ನು ರೋಗಕ್ಕೆ ಕಟ್ಟುವುದು ಬೇಡವೆಂದು ಸ್ಥಳೀಯರು ಪಟ್ಟು ಹಿಡಿದದ್ದರಿಂದ ವೈರಸ್‌ಗೆ ಕೊನೆಗೆ ‘ಸಿನ್ ನೊಂಬ್ರೆ’, ಅಂದರೆ ಸ್ಪ್ಯಾನಿಷ್‌ನಲ್ಲಿ ‘ಹೆಸರಿಲ್ಲದ್ದು’, ಎಂದೇ ಹೆಸರಾಯಿತು. ಹಳೆಯ ಪ್ರಕರಣಗಳನ್ನು ಕೆದಕಿದಾಗ 1959ರಲ್ಲೇ ಯೂಟಾದಲ್ಲಿ ಒಬ್ಬನಿಗೆ ಇದು ತಗುಲಿತ್ತೆಂದು ತಿಳಿಯಿತು. ವೈರಸ್ ಹೊಸದಲ್ಲ, ಗೊತ್ತಾದದ್ದು ಹೊಸದಾಗಿ.

ಕ್ಯಾಬಿನ್ನಿಗೂ ಇದಕ್ಕೂ ಇರುವ ನಂಟು ಎಲ್ಲರ ಕಣ್ಣಿಗೆ ಹೊಡೆದದ್ದು 2012ರ ಬೇಸಿಗೆಯಲ್ಲಿ. ಕ್ಯಾಲಿಫೋರ್ನಿಯದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಬಂದಿದ್ದ ಹತ್ತು ಮಂದಿಗೆ ಸೋಂಕು ತಗುಲಿ ಮೂವರು ಸತ್ತರು. ಹೆಚ್ಚಿನವರು ಉಳಿದಿದ್ದದ್ದು ಕರಿ ವಿಲೇಜ್‌ನ ಜೋಡಿ ಗೋಡೆಯ ಟೆಂಟ್ ಕ್ಯಾಬಿನ್ನುಗಳಲ್ಲಿ. ಚಳಿ ತಡೆಯಲೆಂದು ಎರಡು ಗೋಡೆಗಳ ನಡುವೆ ತುಂಬಿದ್ದ ಮೆತ್ತೆಯಲ್ಲಿ ಇಲಿಗಳು ಗೂಡು ಕಟ್ಟಿದ್ದವು. ಅಂಥ 91 ಕ್ಯಾಬಿನ್ನುಗಳನ್ನು ಮುಚ್ಚಿಸಿದರು. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಕನ್ನಡಿಗರು ನೆಂಟರಿಷ್ಟರನ್ನು ಕರೆದುಕೊಂಡು ಹೋಗುವ ಜಾಗಗಳ ಪಟ್ಟಿಯಲ್ಲಿ ಯೊಸೆಮಿಟಿಯದು ಮೊದಲ ಹೆಸರುಗಳಲ್ಲೊಂದು.

ಈಗ ಪೊರಕೆಗೆ ಬರೋಣ. ಒಣಗಿದ ಇಲಿಮೂತ್ರ, ಹಿಕ್ಕೆ, ಗೂಡಿನ ನಾರು ನೆಲದ ಮೇಲೆ ಸುಮ್ಮನೆ ಬಿದ್ದಿರುವಷ್ಟು ಹೊತ್ತು ಅಪಾಯ ಕಡಿಮೆ. ಗುಡಿಸಿದರೆ ಅದು ಪುಡಿಯಾಗಿ ಏಳುತ್ತದೆ. ದಪ್ಪ ಕಣಗಳು ಬೇಗ ಕೆಳಗಿಳಿಯುತ್ತವೆ, ಇಲ್ಲವೆ ಮೂಗಿನಲ್ಲೇ ಸಿಕ್ಕಿಕೊಳ್ಳುತ್ತವೆ. ಕಣ್ಣಿಗೆ ಕಾಣದ ಸಣ್ಣವು ಹಾಗಲ್ಲ. 5 ಮೈಕ್ರಾನ್ ಗಾತ್ರದ ಕಣವೊಂದು ಗಾಳಿಯಾಡದ ಕೋಣೆಯಲ್ಲಿ ಮೂಗಿನ ಮಟ್ಟದಿಂದ ನೆಲಕ್ಕಿಳಿಯಲು ಸುಮಾರು ಅರ್ಧ ಗಂಟೆ ಬೇಕು. ಅಷ್ಟು ಹೊತ್ತೂ ಅದು ಉಸಿರಿಗೆ ಸಿಗುವಂತೆ ತೇಲುತ್ತಿರುತ್ತದೆ, ಒಳಹೊಕ್ಕರೆ ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೂ ಹೋಗಬಲ್ಲದು. ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ. ಅದು ಮುಂದಿನಿಂದ ಎಳೆದ ನುಣ್ಪುಡಿಯನ್ನು ಹಿಂದಿನಿಂದ ಉಗುಳಬಹುದು. ಬಿಸಿಲು ಬಿದ್ದರೆ ವೈರಸ್ ಬೇಗ ಸಾಯುತ್ತದೆ, ಆದರೆ ಮುಚ್ಚಿದ ಮನೆಯೊಳಗೆ ಬಿಸಿಲೆಲ್ಲಿ? ಚಳಿಯಲ್ಲಂತೂ ಅದು ಇನ್ನಷ್ಟು ದಿನ ಕೆಡದೆ ಉಳಿಯುತ್ತದೆ.

ಶ್ವಾಸಕೋಶಕ್ಕೆ ಹೋದ ವೈರಸ್ ಅಲ್ಲಿನ ನವಿರು ರಕ್ತನಾಳಗಳ ಒಳಪದರದಲ್ಲಿ ನೆಲೆಯೂರುತ್ತದೆ. ಅದನ್ನು ಓಡಿಸಲು ನಮ್ಮ ದೇಹವೇ ಹೂಡುವ ಯುದ್ಧದಲ್ಲಿ ಆ ನಾಳಗಳು ಸೋರತೊಡಗಿ, ಗಾಳಿ ಇರಬೇಕಾದಲ್ಲಿ ನೀರು ತುಂಬಿಕೊಳ್ಳುತ್ತದೆ. ಮೊದಲ ಕೆಲವು ದಿನ ಜ್ವರ, ಸುಸ್ತು, ತೊಡೆ ಸೊಂಟದಲ್ಲಿ ವಿಪರೀತ ನೋವು; ಫ್ಲೂ ಅಂದುಕೊಂಡು ಮಾತ್ರೆ ನುಂಗಿ ಮಲಗುವಂಥದ್ದೇ. ಆಮೇಲೆ ಕೆಮ್ಮು, ಉಬ್ಬಸ. ಅಲ್ಲಿಂದ ಮುಂದೆ ತಾಸುಗಳ ಲೆಕ್ಕ. ಉಸಿರಾಟದ ತೊಂದರೆಗೆ ತಿರುಗಿದವರಲ್ಲಿ ಸುಮಾರು ಮೂರಕ್ಕೆ ಒಬ್ಬರು ಉಳಿಯುವುದಿಲ್ಲ. ನಟ ಜೀನ್ ಹ್ಯಾಕ್‌ಮನ್ ಅವರ ಪತ್ನಿ ಬೆಟ್ಸಿ ಅರಕಾವಾ 2025ರ ಫೆಬ್ರವರಿಯಲ್ಲಿ ಸ್ಯಾಂಟಾ ಫೆಯ ತಮ್ಮ ಮನೆಯಲ್ಲಿ ತೀರಿಕೊಂಡದ್ದು ಇದರಿಂದಲೇ. ವೈರಸ್ಸನ್ನೇ ಕೊಲ್ಲುವ ಔಷಧಿ ಕೈಯಲ್ಲಿಲ್ಲ. ತೀವ್ರನಿಗಾ ಘಟಕದಲ್ಲಿ ಉಸಿರನ್ನು ಕಾಯುವುದೇ ಚಿಕಿತ್ಸೆ, ಬೇಗ ಹೋದಷ್ಟೂ ಬದುಕುವ ಆಸೆ ಹೆಚ್ಚು.

ಹೀಗೆಂದು ಹೆದರಿ ಬೆಟ್ಟಕ್ಕೆ ಬೆನ್ನು ಹಾಕಬೇಕಿಲ್ಲ. 1993ರಿಂದ 2022ರ ಕೊನೆಯವರೆಗೆ ಇಡೀ ಅಮೆರಿಕದಲ್ಲಿ ದಾಖಲಾದ ಪ್ರಕರಣಗಳು 864. ವರ್ಷಕ್ಕೆ ಮೂವತ್ತರ ಸುಮಾರು. ಬೆಟ್ಟದ ದಾರಿಯಲ್ಲಿ ಕಾರು ಓಡಿಸುವುದು ಇದಕ್ಕಿಂತ ಎಷ್ಟೋ ಹೆಚ್ಚು ಅಪಾಯದ ಕೆಲಸ. ಅಲ್ಲದೆ ಸಿನ್ ನೊಂಬ್ರೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಹಾಗೆ ಹರಡಬಲ್ಲದ್ದು ಅರ್ಜೆಂಟೀನ, ಚಿಲಿ ಕಡೆಯ ಆಂಡೀಸ್ ವೈರಸ್. ತಡೆಯುವ ಉಪಾಯ ಇಷ್ಟು ಅಗ್ಗವಿರುವಾಗ ಲಾಟರಿ ಆಡುವುದು ಯಾಕೆ ಎಂಬುದಷ್ಟೇ ನನ್ನ ತಕರಾರು.

ಬೀಗ ತೆಗೆದ ಕೂಡಲೇ ಕಿಟಕಿ ಬಾಗಿಲನ್ನೆಲ್ಲ ತೆರೆದು ಎಲ್ಲರೂ ಹೊರಗೆ ಬರಬೇಕು. ಕನಿಷ್ಠ ಅರ್ಧ ಗಂಟೆ ಗಾಳಿಯಾಡಲಿ. ಅಷ್ಟರಲ್ಲಿ ಫ್ಲಾಸ್ಕಿನ ಕಾಫಿ ಮುಗಿಯುತ್ತದೆ. ಆಮೇಲೆ ರಬ್ಬರ್ ಕೈಗವಸು ತೊಟ್ಟವರೊಬ್ಬರು ಒಳಗೆ ಹೋಗಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣವನ್ನು ಹಿಕ್ಕೆ, ಗೂಡುಗಳ ಮೇಲೆ ನೆನೆಯುವಷ್ಟು ಸಿಂಪಡಿಸಬೇಕು. ಒದ್ದೆಯಾದದ್ದು ಹಾರುವುದಿಲ್ಲ. ಈ ವೈರಸ್ಸಿಗೆ ಹೊರಗಡೆ ಕೊಬ್ಬಿನ ಪೊರೆಯೊಂದಿದೆ, ಬ್ಲೀಚು ಅದನ್ನು ಹಾಳುಗೆಡವುತ್ತದೆ. ಐದು ನಿಮಿಷ ಬಿಟ್ಟು ಪೇಪರ್ ಟವೆಲ್ಲಿನಿಂದ ಒರೆಸಿ ತೆಗೆದು, ಜೋಡಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಎಸೆಯಬೇಕು. ಬಳಿಕ ನೆಲವನ್ನೆಲ್ಲ ಅದೇ ನೀರಿನಲ್ಲಿ ಒರೆಸಬೇಕು. ನಮ್ಮ ಅಜ್ಜಿಯಂದಿರು ಮಣ್ಣುನೆಲಕ್ಕೆ ನೀರು ಚಿಮುಕಿಸಿ ಗುಡಿಸುತ್ತಿದ್ದರಲ್ಲ, ಅದರ ಹಿಂದಿನ ಭೌತಶಾಸ್ತ್ರವೂ ಇದೇ.

ಇಲಿ ಕೊಲ್ಲುತ್ತ ಕೂರುವುದು ಮುಗಿಯದ ಕೆಲಸ. ಇಪ್ಪತ್ತಮೂರು ದಿನಕ್ಕೆ ಮರಿ ಹಾಕುವ ಜೀವಿ ಅದು. ಸಂದುಗಳಿಗೆ ಸ್ಟೀಲ್ ವುಲ್ ತುರುಕಿ ಮುಚ್ಚುವುದು, ಅಕ್ಕಿಬೇಳೆಯನ್ನು ತಗಡಿನ ಡಬ್ಬದಲ್ಲಿಡುವುದು, ಸೌದೆಯನ್ನು ಗೋಡೆಯಿಂದ ದೂರ ಪೇರಿಸುವುದು ಹೆಚ್ಚು ಫಲ ಕೊಡುತ್ತದೆ.

ನಮ್ಮೂರ ಇಲಿಗಳಲ್ಲಿ ಸಿನ್ ನೊಂಬ್ರೆ ಇಲ್ಲ. ಹಾಂಟಾವೈರಸ್‌ಗಳು ಒಂದೊಂದೂ ತಮ್ಮದೇ ಪ್ರಾಣಿಗೆ ಒಗ್ಗಿಕೊಂಡಂಥವು. ಆದರೆ ಬಳಗಕ್ಕೆ ಭಾರತದ ನಂಟು ಹಳೆಯದು: 1964ರಲ್ಲಿ ವೆಲ್ಲೂರಿನಲ್ಲಿ ಒಂದು ಮೂಗಿಲಿಯಿಂದ ಪ್ರತ್ಯೇಕಿಸಿದ ವೈರಸ್ ಇದೇ ಬಳಗದ್ದೆಂದು ಬಹಳ ವರ್ಷಗಳ ಮೇಲೆ ತಿಳಿಯಿತು. ತೊಟ್ಟಪಾಳಯಂ ವೈರಸ್ ಎಂದು ಅದರ ಹೆಸರು. ಮಲೆನಾಡು, ಕರಾವಳಿಯವರಿಗೆ ಗೊತ್ತಿರುವ ಇಲಿಜ್ವರದ ಸಂಗತಿಯೇ ಬೇರೆ. ಅದು ಬ್ಯಾಕ್ಟೀರಿಯಾ, ಇಲಿಮೂತ್ರ ಬೆರೆತ ಗದ್ದೆ ನೀರಿನಿಂದ ಕಾಲಿನ ಗಾಯದ ಮೂಲಕ ಒಳಸೇರುತ್ತದೆ. ಅಲ್ಲಿ ಒದ್ದೆಗೆ ಹೆದರಬೇಕು, ರಾಕಿ ಬೆಟ್ಟದಲ್ಲಿ ಒಣದೂಳಿಗೆ.

ಅಮೆರಿಕದ ಪಶ್ಚಿಮ ಭಾಗದಲ್ಲಿರುವವರಿಗೆ, ಅಲ್ಲಿಗೆ ಮಕ್ಕಳ ಮನೆಗೆ ಹೋಗುವ ಹಿರಿಯರಿಗೆ ಒಂದು ಮಾತು. ಕ್ಯಾಬಿನ್ನೋ ಶೆಡ್ಡೋ ಗರಾಜೋ ಶುಚಿ ಮಾಡಿದ ಮೇಲೆ ಒಂದರಿಂದ ಎಂಟು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಕಾಯಬೇಡಿ. ವೈದ್ಯರ ಬಳಿ ಹೋದಾಗ ಜ್ವರದ ಸಂಗತಿಯ ಜೊತೆಗೆ “ಇಲಿ ಇದ್ದ ಜಾಗ ಗುಡಿಸಿದ್ದೆ” ಎಂಬ ಮಾತನ್ನೂ ನೀವೇ ಹೇಳಿ. ಅವರಾಗಿ ಕೇಳಲಿಕ್ಕಿಲ್ಲ.