ಬೆಳಕನ್ನುಂಡು ನಡೆಯುವ ಕೈಗಡಿಯಾರ

ದುಡಿಯಲು ಪರಊರಿಗೆ ಬಂದವರಿಗೆ ಹೊತ್ತಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಊರಿನಲ್ಲಿ ಬಿಸಿಲು ಜಗಲಿಯ ಯಾವ ಕಲ್ಲಿಗೆ ಬಂತೆಂದು ನೋಡಿ ಹೊಲಕ್ಕೆ ಹೊರಡುತ್ತಿದ್ದ ಮನುಷ್ಯ ಇಲ್ಲಿ ಬೆಳಗಿನ ಒಂದು ಲೋಕಲ್ ಗಾಡಿಗೆ ತನ್ನ ಬದುಕನ್ನೇ ಕಟ್ಟಿಕೊಂಡಿರುತ್ತಾನೆ. ಆ ಗಾಡಿ ತಪ್ಪಿದರೆ ಹಾಜರಿ ಪುಸ್ತಕದಲ್ಲಿ ಕೆಂಪು ಗುರುತು ಬೀಳುತ್ತದೆ. ಅಂಥ ಗುರುತು ಕೆಲವು ಸೇರಿದರೆ ಅರ್ಧ ದಿನದ ಸಂಬಳ ಹೋಗುತ್ತದೆ. ಮೊಬೈಲ್ ಇರುವಾಗ ಗಡಿಯಾರವೇಕೆ ಎಂದು ಕೇಳುವವರುಂಟು. ಆದರೆ ಮೊಬೈಲನ್ನು ಬಾಗಿಲಲ್ಲೇ ಇಟ್ಟು ಒಳಗೆ ಹೋಗಬೇಕಾದ ಕಾರ್ಖಾನೆಗಳಿವೆ. ನೂಕುನುಗ್ಗಲಿನ ಗಾಡಿಯಲ್ಲಿ ಒಂದು ಕೈಯಿಂದ ಸಲಾಕೆ ಹಿಡಿದು ನಿಂತವನಿಗೆ ಜೇಬಿಗೆ ಕೈಹಾಕುವುದೂ ಕಷ್ಟವೇ. ಮಣಿಕಟ್ಟಿನ ಗಡಿಯಾರ ಇನ್ನೂ ನಮ್ಮ ಕೆಲಸದ ವಸ್ತುವೇ ಸರಿ.

ಈಗ ಅಂಗಡಿಗಳಲ್ಲಿ 'ಸೋಲಾರ್' ಎಂಬ ಮುಳ್ಳಿನ ಗಡಿಯಾರಗಳು ಸಾಕಷ್ಟು ಕಾಣಿಸುತ್ತಿವೆ. "ಇದಕ್ಕೆ ಸೆಲ್ ಹಾಕಿಸುವ ಗೊಡವೆಯೇ ಇಲ್ಲ, ಕಟ್ಟಿಕೊಂಡು ಮರೆತುಬಿಡಿ" ಎಂದು ಅಂಗಡಿಯವರು ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧವನ್ನು ತಿಳಿಯದೆ ಹೋದರೆ ಒಳ್ಳೆಯ ಗಡಿಯಾರವೂ ಪೆಟ್ಟಿಗೆಯಲ್ಲಿ ನಿಂತುಹೋಗುತ್ತದೆ, ರಿಪೇರಿಯವನ ಕೈಗೆ ಸಿಕ್ಕಿ ಕೆಡುವುದೂ ಉಂಟು. ಆದುದರಿಂದ ಇದರ ಮರ್ಮವನ್ನೂ ಬಳಸುವ ಕ್ರಮವನ್ನೂ ಇಲ್ಲಿ ವಿವರಿಸುತ್ತೇವೆ.

ಕೀಲಿಯಿಂದ ಬೆಳಕಿಗೆ

ನಮ್ಮ ಹಿರಿಯರು ಕಟ್ಟುತ್ತಿದ್ದುದು ದಿನವೂ ಕೀಲಿ ಕೊಡುವ ಗಡಿಯಾರ. ಬೆಂಗಳೂರಿನಲ್ಲಿ ಹಿಂದುಸ್ತಾನ್ ಮಷಿನ್ ಟೂಲ್ಸ್ ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಅಂಥ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. ಎಚ್.ಎಂ.ಟಿ. ಎಂಬ ಮೂರಕ್ಷರ ಎಷ್ಟೋ ಮನೆಗಳಲ್ಲಿ ಮದುವೆಯ ಉಡುಗೊರೆಗೆ ಇನ್ನೊಂದು ಹೆಸರಾಯಿತು. ಆ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಒಪ್ಪಿಗೆಯಿತ್ತಿತು.

ಕೀಲಿಯ ಕಾಲ ಹಿಂದೆ ಸರಿದದ್ದು ಸ್ಫಟಿಕದ ಗಡಿಯಾರದಿಂದ. ಜಪಾನಿನ ಸೀಕೋ ಕಂಪನಿ 1969ರ ಡಿಸೆಂಬರ್ 25ರಂದು ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಅದಕ್ಕೆ ಕೀಲಿ ಬೇಡ. ಆದರೆ ಒಂದು ಪುಟ್ಟ ಸೆಲ್ ಬೇಕು, ಅದು ಮುಗಿದಾಗ ಹೊಸದು ಹಾಕಿಸಬೇಕು. ಈ ಕಾಟವನ್ನೂ ಕಳೆಯಬೇಕೆಂದು ಸಿಟಿಜನ್ ಕಂಪನಿ 1976ರಲ್ಲಿ ಬೆಳಕಿನಿಂದ ನಡೆಯುವ ಮುಳ್ಳಿನ ಗಡಿಯಾರವನ್ನು ಹೊರತಂದಿತು. ಬೆಳಕು ಹಿಡಿಯುವ ಫಲಕಗಳು ಅದರ ಮುಖದ ಮೇಲೆಯೇ ಎದ್ದು ಕಾಣುತ್ತಿದ್ದವು. ಈಗಿನವುಗಳಲ್ಲಿ ಫಲಕವು ಡಯಲಿನ ಕೆಳಗೆ ಅಡಗಿರುವುದರಿಂದ ನೋಡುವವರಿಗೆ ಇದು ಬೇರೆ ಜಾತಿಯ ಗಡಿಯಾರವೆಂದು ತಿಳಿಯುವುದೇ ಇಲ್ಲ. ಡಯಲಿನ ಮೇಲಿನ ಅಕ್ಷರಗಳನ್ನು ನೋಡಿ ಗುರುತಿಸಬೇಕು: ಸಿಟಿಜನ್ನಿನದಾದರೆ 'ಎಕೋ-ಡ್ರೈವ್', ಸೀಕೋದಾದರೆ 'ಸೋಲಾರ್', ಕ್ಯಾಸಿಯೋದಾದರೆ 'ಟಫ್ ಸೋಲಾರ್' ಎಂದು ಸಾಮಾನ್ಯವಾಗಿ ಬರೆದಿರುತ್ತದೆ.

ಒಳಗಿನ ಸಂಸಾರ

ಈ ಗಡಿಯಾರದೊಳಗೆ ನಾಲ್ಕು ಮಂದಿ ಕೆಲಸಗಾರರಿದ್ದಾರೆ ಎಂದುಕೊಳ್ಳೋಣ.

ಮೊದಲನೆಯವನು ಗಳಿಸುವವನು. ಡಯಲು ನೋಡಲು ಗಟ್ಟಿಯಾಗಿ ಕಂಡರೂ ಸ್ವಲ್ಪ ಬೆಳಕನ್ನು ಒಳಗೆ ಬಿಡುತ್ತದೆ. ಅದರ ಕೆಳಗಿರುವ ಸಿಲಿಕಾನಿನ ತೆಳು ಫಲಕ ಆ ಬೆಳಕನ್ನು ವಿದ್ಯುತ್ತಾಗಿ ಮಾಡುತ್ತದೆ. ಸೂರ್ಯನ ಬೆಳಕೇ ಆಗಬೇಕೆಂದಿಲ್ಲ. ಟ್ಯೂಬ್‌ಲೈಟ್ ಆದೀತು, ಎಲ್.ಇ.ಡಿ. ದೀಪವೂ ಆದೀತು. ಬೆಳಕು ಕಡಿಮೆಯಾದಷ್ಟೂ ಗಳಿಕೆ ಕಡಿಮೆ, ಅಷ್ಟೇ.

ಎರಡನೆಯವನು ಕೂಡಿಡುವವನು. ಇದು ಮತ್ತೆ ಮತ್ತೆ ತುಂಬಿಸಿಕೊಳ್ಳಬಲ್ಲ ಸೆಲ್. ಹಗಲು ಬಂದ ವಿದ್ಯುತ್ತನ್ನು ಉಳಿಸಿಟ್ಟು ರಾತ್ರಿಗೆ ಕೊಡುತ್ತದೆ. ಇದು ಪೂರ್ತಿ ತುಂಬಿದ್ದರೆ ಹಲವು ಮಾದರಿಗಳು ಕತ್ತಲೆಯಲ್ಲಿಯೂ ಸುಮಾರು ಆರು ತಿಂಗಳು ನಡೆಯುತ್ತವೆ. ಇನ್ನೂ ಹೆಚ್ಚು ಕಾಲ ನಡೆಯುವವೂ ಇವೆ. ಅಂದರೆ 'ಸೆಲ್ ಇಲ್ಲದ ಗಡಿಯಾರ' ಎಂಬ ಮಾತು ಸರಿಯಲ್ಲ. ಸೆಲ್ ಇದೆ, ಅದು ಬರಿದಾದರೆ ಬೆಳಕಿನಿಂದಲೇ ತುಂಬುತ್ತದೆ.

ಮೂರನೆಯವನು ತಾಳ ಹಾಕುವವನು. ಸ್ಫಟಿಕದ ಒಂದು ಸಣ್ಣ ಕವಲು ವಿದ್ಯುತ್ತು ತಾಗಿದಾಗ ಒಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆ ಏಕೆಂದು ಕೇಳಬಹುದು. ಇದನ್ನು ಅರ್ಧ ಮಾಡಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡಿ, ಹೀಗೆ ಹದಿನೈದು ಸಲ ಮಾಡಿದರೆ ಸರಿಯಾಗಿ 1 ಉಳಿಯುತ್ತದೆ. ಕಾಗದದ ಮೇಲೆ ಮಾಡಿ ನೋಡಿರಿ. ಒಳಗಿನ ಮಂಡಲ ಮಾಡುವುದೂ ಇದನ್ನೇ. ಸೆಕೆಂಡಿಗೆ ಒಂದೇ ಏಟು ಹೊರಬೀಳುತ್ತದೆ.

ನಾಲ್ಕನೆಯವನು ನಡೆಯುವವನು. ಆ ಒಂದೊಂದು ಏಟಿಗೂ ಒಂದು ಕಿರಿಯ ಮೋಟಾರು ಒಂದು ಹೆಜ್ಜೆ ತಿರುಗಿ, ಹಲ್ಲುಗಾಲಿಗಳ ಮೂಲಕ ಮುಳ್ಳುಗಳನ್ನು ತಳ್ಳುತ್ತದೆ.

ಇಂಥ ಗಡಿಯಾರ ತಿಂಗಳಿಗೆ ಹೆಚ್ಚುಕಡಿಮೆ 15 ಸೆಕೆಂಡು ಹಿಂದೆಮುಂದೆ ಆಗುವುದು ಸಹಜ. ತಿಂಗಳಿಗೊಮ್ಮೆ ಸರಿಪಡಿಸಿಕೊಂಡರೆ ಗಾಡಿ ಹಿಡಿಯುವವರಿಗೆ ಏನೂ ತೊಂದರೆಯಿಲ್ಲ.

ಕೊಂಡ ದಿನ ಮಾಡಬೇಕಾದ್ದು

ಗಡಿಯಾರ ಅಂಗಡಿಯ ಡಬ್ಬಿಯಲ್ಲಿ ಎಷ್ಟು ಕಾಲ ಇತ್ತೋ ಹೇಳಲಾಗದು. ಆದ್ದರಿಂದ ಮೊದಲು ಅದಕ್ಕೆ ಹೊಟ್ಟೆತುಂಬ ಬೆಳಕು ಕೊಡಬೇಕು. ಡಯಲಿನ ಮೇಲೆ ಅಂಟಿಸಿರುವ ಚೀಟಿಯನ್ನು ಕಿತ್ತು, ಮುಖ ಬೆಳಕಿನ ಕಡೆಗಿರುವಂತೆ ಕಿಟಕಿಯಲ್ಲಿ ಇಡಿರಿ. ಪೂರ್ತಿ ಬರಿದಾದ ಸೆಲ್ಲು ತುಂಬಲು ಒಳ್ಳೆಯ ಬಿಸಿಲಿನ ಬೆಳಕಿನಲ್ಲಿಯೂ ಎಷ್ಟೋ ಗಂಟೆಗಳು ಬೇಕು. ಒಂದೇ ದಿನದಲ್ಲಿ ಮುಗಿಸುವ ಅವಸರ ಬೇಡ. ಕೆಲವು ದಿನ ಬೆಳಗಿನ ಎಳೆಬಿಸಿಲಿನಲ್ಲಿಟ್ಟರೆ ಸಾಕು. ಹೆಚ್ಚು ತುಂಬಿ ಕೆಟ್ಟೀತೆಂಬ ಭಯವಿಲ್ಲ. ತುಂಬಿದ ಮೇಲೆ ತಾನೇ ತಡೆಯುವ ಏರ್ಪಾಡು ಇಂದಿನ ಗಡಿಯಾರಗಳಲ್ಲಿ ಇರುತ್ತದೆ.

ಅನಂತರ ವೇಳೆ ಕೂಡಿಸುವ ಕೆಲಸ. ತಾರೀಖು ತೋರಿಸುವ ಸಾಮಾನ್ಯ ಮಾದರಿಗಳಲ್ಲಿ ಬದಿಯ ಗುಂಡಿಯನ್ನು ಒಂದು ಮೆಟ್ಟಿಲು ಹೊರಗೆಳೆದರೆ ತಾರೀಖು, ಎರಡನೆಯ ಮೆಟ್ಟಿಲಿಗೆ ಎಳೆದರೆ ಮುಳ್ಳುಗಳು ತಿರುಗುತ್ತವೆ. ಈ ಕ್ರಮವನ್ನು ಅನುಸರಿಸಿರಿ:

1. ಸೆಕೆಂಡ್ ಮುಳ್ಳು 12ರ ಮೇಲೆ ಬಂದಾಗ ಗುಂಡಿಯನ್ನು ಪೂರ್ತಿ ಹೊರಗೆಳೆಯಿರಿ. ಮುಳ್ಳು ಅಲ್ಲಿಯೇ ನಿಲ್ಲುತ್ತದೆ.

2. ತಾರೀಖು ಬದಲಾಗುವ ತನಕ ಮುಳ್ಳುಗಳನ್ನು ಮುಂದಕ್ಕೆ ತಿರುಗಿಸಿರಿ. ತಾರೀಖು ಬದಲಾದರೆ ಗಡಿಯಾರ ನಡುರಾತ್ರಿಯನ್ನು ದಾಟಿತೆಂದು ಅರ್ಥ. ಅಲ್ಲಿಂದ ಬೆಳಗು, ಮಧ್ಯಾಹ್ನ, ಸಂಜೆಗಳನ್ನು ಲೆಕ್ಕವಿಡಿರಿ. ಈ ಲೆಕ್ಕ ತಪ್ಪಿದರೆ ತಾರೀಖು ನಡುಹಗಲಿನಲ್ಲಿ ಊಟದ ಹೊತ್ತಿಗೆ ಬದಲಾಗುತ್ತದೆ.

3. ನಿಮಿಷದ ಮುಳ್ಳನ್ನು ಬೇಕಾದ ವೇಳೆಗಿಂತ ನಾಲ್ಕೈದು ನಿಮಿಷ ಮುಂದಕ್ಕೆ ಒಯ್ದು ಹಿಂದಕ್ಕೆ ತಂದು ನಿಲ್ಲಿಸಿರಿ. ಹಲ್ಲುಗಾಲಿಗಳ ನಡುವಿನ ಸಡಿಲ ಇದರಿಂದ ಹೋಗುತ್ತದೆ.

4. ಮೊಬೈಲಿನ ಗಡಿಯಾರದಲ್ಲಿ ಆ ನಿಮಿಷ ಸರಿಯಾಗಿ ಹುಟ್ಟಿದ ಕ್ಷಣಕ್ಕೆ ಗುಂಡಿಯನ್ನು ಒಳಗೊತ್ತಿರಿ.

ತಾರೀಖನ್ನು ಮಾತ್ರ ತಿದ್ದುವುದಾದರೆ ರಾತ್ರಿ 9ರಿಂದ ಬೆಳಗಿನ ಜಾವದವರೆಗೆ ಆ ಕೆಲಸ ಬೇಡ. ಆ ಹೊತ್ತಿನಲ್ಲಿ ಗಾಲಿಗಳು ತಾವೇ ತಾರೀಖನ್ನು ತಳ್ಳುತ್ತಿರುತ್ತವೆ. ನಾವೂ ಬಲವಂತ ಮಾಡಿದರೆ ಹಲ್ಲು ಸವೆಯುತ್ತದೆ ಇಲ್ಲವೆ ಮರುದಿನ ತಾರೀಖು ಬದಲಾಗದೆ ಉಳಿಯುತ್ತದೆ. ಸಾಮಾನ್ಯ ಗಡಿಯಾರಕ್ಕೆ ಎಲ್ಲ ತಿಂಗಳೂ 31 ದಿನಗಳೇ. ಆದುದರಿಂದ ಮಾರ್ಚ್, ಮೇ, ಜುಲೈ, ಅಕ್ಟೋಬರ್, ಡಿಸೆಂಬರ್ ತಿಂಗಳುಗಳ ಮೊದಲ ದಿನ, ವರ್ಷಕ್ಕೆ ಐದು ಸಲ, ನಾವೇ ತಿದ್ದಬೇಕಾಗುತ್ತದೆ.

ಯಾರಿಗೆ ಎಷ್ಟು ಬೆಳಕು?

ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ಬೇಸಗೆಯ ನೇರ ಬಿಸಿಲು ಸುಮಾರು 1,00,000 ಲಕ್ಸ್. ಮೋಡದ ದಿನದ ಬಯಲು ಸುಮಾರು 10,000. ಕಚೇರಿಯ ಮೇಜಿನ ಮೇಲೆ ಸುಮಾರು 500. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಕಚೇರಿಯೂ ಬೆಳಕಾಗಿಯೇ ಕಾಣುತ್ತದೆ. ಆದರೆ ಅದು ಬಿಸಿಲಿನ ಇನ್ನೂರರಲ್ಲಿ ಒಂದು ಪಾಲು. ಸಾಮಾನ್ಯ ಮಾದರಿಯ ಒಂದು ದಿನದ ನಡಿಗೆಗೆ ನೇರ ಬಿಸಿಲಿನಲ್ಲಿ ಎರಡು ಮೂರು ನಿಮಿಷ, ಮೋಡದ ಬಯಲಿನಲ್ಲಿ ಹತ್ತು ಹನ್ನೆರಡು ನಿಮಿಷ, ಕಚೇರಿಯ ದೀಪದಲ್ಲಿ ಮೂರು ನಾಲ್ಕು ಗಂಟೆ ಬೇಕೆಂದು ಇಟ್ಟುಕೊಳ್ಳಬಹುದು. ಮಾದರಿಯಿಂದ ಮಾದರಿಗೆ ಇದು ಬದಲಾಗುತ್ತದೆ.

ಈ ಲೆಕ್ಕವನ್ನು ನಮ್ಮ ನಮ್ಮ ಕೆಲಸಕ್ಕೆ ಹೊಂದಿಸಿ ನೋಡಬೇಕು. ಬಯಲಿನಲ್ಲಿ ದುಡಿಯುವವರಿಗೆ, ರಸ್ತೆಯಲ್ಲಿ ಓಡಾಡುವವರಿಗೆ ಚಿಂತೆಯೇ ಇಲ್ಲ. ಗುಮಾಸ್ತರು ತುಂಬುತೋಳಿನ ಅಂಗಿ ತೊಡುವವರಾದರೆ ಗಡಿಯಾರ ದಿನವಿಡೀ ತೋಳಿನ ಕೆಳಗೆ ಕತ್ತಲೆಯಲ್ಲಿ ಉಪವಾಸವಿರುತ್ತದೆ. ಮೇಜಿಗೆ ಕುಳಿತಾಗ ತೋಳನ್ನು ಒಂದು ಮಡಿಕೆ ಮೇಲಕ್ಕೆ ಸರಿಸಿದರೆ ಸಾಕು. ರಾತ್ರಿ ಪಾಳಿಯವರದು ಕಠಿಣ ಪ್ರಸಂಗ. ಮಂದ ದೀಪದ ಕೆಳಗೆ ರಾತ್ರಿ ಕಳೆದು ಹಗಲು ಕೋಣೆಯಲ್ಲಿ ಮಲಗುವವರು, ನಿದ್ದೆಗೆ ಹೋಗುವಾಗ ಗಡಿಯಾರವನ್ನು ದಿಂಬಿನಡಿ ಇಡದೆ ಕಿಟಕಿಯ ಬಳಿ ಮುಖ ಮೇಲಾಗಿ ಇಡಬೇಕು. ತಾವು ಮಲಗಿದ್ದಾಗ ಅದು ಉಣ್ಣಲಿ. ಒಂದೇ ಖೋಲಿಯಲ್ಲಿ ಹತ್ತು ಮಂದಿ ಇರುವಲ್ಲಿ ಕಿಟಕಿಯಲ್ಲಿಟ್ಟ ಗಡಿಯಾರ ಉಳಿಯುವುದೆಂಬ ಭರವಸೆ ಎಲ್ಲರಿಗೂ ಇರಲಾರದು. ಅಂಥವರು ವಾರದ ರಜೆಯ ದಿನ ಕೈಗೆ ಕಟ್ಟಿಕೊಂಡೇ ಒಂದೆರಡು ಗಂಟೆ ಬಯಲಿನಲ್ಲಿ ಸುತ್ತಾಡಿ ಬಂದರೆ ಕೊರತೆ ತುಂಬುತ್ತದೆ.

ಹಸಿವಿನ ಸನ್ನೆ

ಸೆಕೆಂಡ್ ಮುಳ್ಳು ಒಂದೊಂದೇ ಮನೆ ನಡೆಯುವುದನ್ನು ಬಿಟ್ಟು, ಎರಡು ಸೆಕೆಂಡಿಗೊಮ್ಮೆ ಎರಡೆರಡು ಮನೆ ನೆಗೆಯತೊಡಗಿದರೆ ಗಾಬರಿಪಡಬೇಡಿ. ಗಡಿಯಾರ ಕೆಟ್ಟಿಲ್ಲ, ವೇಳೆಯೂ ತಪ್ಪಿಲ್ಲ. "ಹಸಿವಾಗಿದೆ" ಎಂದು ಅದು ಹೇಳುತ್ತಿದೆ. ಸಿಟಿಜನ್, ಸೀಕೋ ಮುಂತಾದ ಹಲವರ ಗಡಿಯಾರಗಳಲ್ಲಿ ಈ ಸನ್ನೆ ಒಂದೇ ರೀತಿ. ಕೆಲವು ದಿನದೊಳಗೆ ಬೆಳಕು ಕೊಡದಿದ್ದರೆ ನಿಂತುಬಿಡುತ್ತದೆ. ಬೆಳಕು ಕೊಟ್ಟರೆ ಮುಳ್ಳು ಮತ್ತೆ ಒಂದೊಂದೇ ಮನೆ ನಡೆಯುತ್ತದೆ. ಆದರೆ ಅದು ಹೊಟ್ಟೆ ತುಂಬಿದ ಗುರುತಲ್ಲ, ಮೊದಲ ತುತ್ತು ಒಳಗೆ ಹೋಯಿತೆಂಬುದರ ಗುರುತು. ಇನ್ನಷ್ಟು ಹೊತ್ತು ಬೆಳಕಿನಲ್ಲಿಡಬೇಕು. ಪೂರ್ತಿ ನಿಂತು ಮತ್ತೆ ಹೊರಟ ಗಡಿಯಾರದ ವೇಳೆಯನ್ನು ನಂಬದೆ ಹೊಸದಾಗಿ ಕೂಡಿಸಬೇಕು.

ಕೆಲವು ಮಾದರಿಗಳು ಕತ್ತಲೆಯಲ್ಲಿ ಬಹುಕಾಲ ಇದ್ದರೆ ಉಳಿತಾಯಕ್ಕಾಗಿ ತಾವೇ ಮುಳ್ಳುಗಳನ್ನು ನಿಲ್ಲಿಸಿ, ಒಳಗೊಳಗೇ ಲೆಕ್ಕವಿಟ್ಟಿರುತ್ತವೆ. ಬೆಳಕು ಕಂಡೊಡನೆ ಸರಿಯಾದ ವೇಳೆಗೆ ಬರುತ್ತವೆ. ತಮ್ಮದು ಯಾವ ಬಗೆ ಎಂಬುದನ್ನು ಜೊತೆಗೆ ಬಂದ ಪುಸ್ತಿಕೆಯಲ್ಲಿ ನೋಡಿಕೊಳ್ಳತಕ್ಕದ್ದು.

ಮಾಡಬಾರದ ಕೆಲಸಗಳು

ಮೊದಲನೆಯದು, ಕಾಯಿಸುವುದು. ಬೇಕಾದುದು ಬೆಳಕು, ಬಿಸಿಯಲ್ಲ. 60 ಡಿಗ್ರಿಗೆ ಮೇಲಾದರೆ ಸೆಲ್ಲೂ ಒಳಗಿನ ಭಾಗಗಳೂ ಹಾಳಾಗುತ್ತವೆ. ಬೇಗ ತುಂಬಲೆಂದು ನಡುಹಗಲಿನ ತಗಡಿನ ಮಾಡಿನ ಮೇಲೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಗಾಜಿನ ಹಿಂದೆ ಇಡಬಾರದು. ಹಳೆಯ ತಂತಿದೀಪದ ಬೆಳಕಾದರೆ ಒಂದೂವರೆ ಎರಡು ಅಡಿ ದೂರವಿರಲಿ. ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವವರು ಆ ಹೊತ್ತಿಗೆ ಗಡಿಯಾರವನ್ನು ಬಿಚ್ಚಿಡುವುದೇ ಲೇಸು.

ಎರಡನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಸಾಮಾನ್ಯ ಸೆಲ್ ಹಾಕಿಸುವುದು. ಸಾಮಾನ್ಯ ಸೆಲ್ಲು ತುಂಬಿಸಿಕೊಳ್ಳುವ ಜಾತಿಯದಲ್ಲ. ಫಲಕದಿಂದ ಬರುವ ವಿದ್ಯುತ್ತು ಅದರೊಳಗೆ ನುಗ್ಗಿದರೆ ಅದು ಸೋರಬಹುದು, ಒಡೆಯಲೂಬಹುದು. ಗಡಿಯಾರದ ಆಯುಸ್ಸು ಅಲ್ಲಿಗೆ ಮುಗಿದಂತೆ. ನಿಂತ ಸೋಲಾರ್ ಗಡಿಯಾರವನ್ನು ರಸ್ತೆಬದಿಯಲ್ಲಿ ಬಿಚ್ಚಲು ಕೊಡುವ ಮೊದಲು ಎರಡು ಮೂರು ದಿನ ಬೆಳಕಿನಲ್ಲಿಟ್ಟು ನೋಡಿರಿ. ಎಷ್ಟೋ ಸಲ ರೋಗವೇ ಇರುವುದಿಲ್ಲ, ಬರಿಯ ಹಸಿವಿರುತ್ತದೆ, ಖರ್ಚೂ ಇಲ್ಲ. ಹಾಗೂ ನಡೆಯದಿದ್ದರೆ ಕಂಪನಿಯ ಸೇವಾ ಕೇಂದ್ರಕ್ಕೆ ಒಯ್ದು, ಅದೇ ಮಾದರಿಗೆ ತಕ್ಕ ಸೆಲ್ಲನ್ನೇ ಕೇಳಿ ಹಾಕಿಸಿರಿ.

ಮೂರನೆಯದು, ಬಹುಕಾಲ ಕತ್ತಲೆಯಲ್ಲಿಡುವುದು. ಊರಿಗೆ ಹೋಗುವಾಗ ಟ್ರಂಕಿನಲ್ಲಿ ಬಟ್ಟೆಗಳ ನಡುವೆ ಹುಗಿದು ವರ್ಷಗಟ್ಟಲೆ ಮರೆತರೆ, ಬರಿದಾದ ಸೆಲ್ಲು ತುಂಬಿಕೊಳ್ಳುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ತಿಂಗಳಿಗೊಂದು ದಿನವಾದರೂ ಅದು ಬೆಳಕು ಕಾಣಲಿ.

ನಾಲ್ಕನೆಯದು, ಗುಂಡಿಯನ್ನು ಹೊರಗೆಳೆದು ಮರೆಯುವುದು. ಆ ಸಂದಿನಿಂದ ಮಳೆಗಾಲದ ನೀರೂ ಬೆವರೂ ಒಳಗೆ ಇಳಿಯುತ್ತವೆ.

ಕೊಳ್ಳಬೇಕೆ, ಬೇಡವೆ?

ಸೆಲ್ಲಿನ ಗಡಿಯಾರಕ್ಕಿಂತ ಇದರ ಬೆಲೆ ಸಾಮಾನ್ಯವಾಗಿ ಹೆಚ್ಚು. ಸೆಲ್ಲಿನ ಗಡಿಯಾರಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಸೆಲ್ ಬೇಕಾದೀತು. ಆ ಖರ್ಚು ದೊಡ್ಡದೇನಲ್ಲ. ಕೇವಲ ಹಣದ ಉಳಿತಾಯಕ್ಕಾಗಿ ಹೊಸದನ್ನು ಕೊಳ್ಳಹೋದರೆ ಲಾಭವಾಗುವುದು ಅನುಮಾನ. ಇರುವ ಗಡಿಯಾರ ನೆಟ್ಟಗೆ ನಡೆಯುತ್ತಿದ್ದರೆ ಅದನ್ನೇ ಕಟ್ಟಿಕೊಳ್ಳಿ. ಸಾಲ ಮಾಡಿ ಕೊಳ್ಳುವ ವಸ್ತು ಇದಲ್ಲ. ಆದರೆ ಹೇಗೂ ಹೊಸದು ಬೇಕಾಗಿದೆ, ಹತ್ತಾರು ವರ್ಷ ಬಾಳಬೇಕು, ಪಾಳಿಯ ನಡುವೆ ಇದ್ದಕ್ಕಿದ್ದಂತೆ ಸೆಲ್ ಮುಗಿದು ಕೈಕೊಡಬಾರದು ಎನ್ನುವವರಿಗೆ ಇದು ಒಳ್ಳೆಯ ಸಂಗಾತಿ. ಸಾಮಾನ್ಯ ಗಡಿಯಾರ ಹೇಳದೆ ಕೇಳದೆ ನಿಲ್ಲುವುದೇ ಹೆಚ್ಚು. ಇದು ಮೊದಲೇ ಸನ್ನೆ ಮಾಡಿ, ಬೆಳಕೊಂದನ್ನೇ ಬೇಡುತ್ತದೆ. ಆ ಸನ್ನೆಯನ್ನು ಬಲ್ಲವರಿಗೆ ಗಾಡಿಯೂ ತಪ್ಪದು, ಹಾಜರಿಯೂ ತಪ್ಪದು. ಗಡಿಯಾರದ ಜೊತೆಗೆ ಬಂದ ಇಂಗ್ಲಿಷ್ ಪುಸ್ತಿಕೆ ಅರ್ಥವಾಗದವರು ಅದನ್ನು ವಾಚನಾಲಯಕ್ಕೆ ತರಲಿ. ಬಲ್ಲವರು ಪಕ್ಕದಲ್ಲೇ ಕುಳಿತಿರುತ್ತಾರೆ, ಓದಿ ಹೇಳುತ್ತಾರೆ.