ರೋಸ್‌ಮರಿಗೆ ಚಳಿಗಿಂತ ಕೆಸರಿನ ಭಯ

ಹಿಂದೂಪುರದಿಂದ ಪರಿಗಿಯತ್ತ ಹೊರಟರೆ ಕೆಮ್ಮಣ್ಣಿನ ಹೊಲಗಳು, ಕಡಲೆಕಾಯಿ, ನೀರಿದ್ದ ಕಡೆ ಹಿಪ್ಪುನೇರಳೆ. ಜಯಮಂಗಲಿ ಹೊಳೆ ಬಂದು ಪೆನ್ನಾರ್ ನದಿ ಸೇರುವ ಸೀಮೆಯಿದು. ಆದರೂ ಇದು ಮಳೆ ಕಡಿಮೆಯ ಬಯಲು. ಮಾಗಿಯ ರಾತ್ರಿಗಳಲ್ಲೂ ಉಷ್ಣಾಂಶ ಸೊನ್ನೆಯ ಹತ್ತಿರ ಸುಳಿಯುವುದಿಲ್ಲ. ಮೆಡಿಟರೇನಿಯನ್ ತೀರದ ಕಲ್ಲುಗುಡ್ಡಗಳಲ್ಲಿ ಹುಟ್ಟಿದ ರೋಸ್‌ಮರಿಗೆ ಇಂಥ ನೆಲ ಒಗ್ಗಲೇಬೇಕು.

ತೊಡಕಿರುವುದು ಮಳೆಯ ಕಾಲದಲ್ಲಿ. ಅದರ ತವರಿನಲ್ಲಿ ಮಳೆ ಬೀಳುವುದು ಚಳಿಗಾಲಕ್ಕೆ, ಬೇಸಿಗೆ ಪೂರ್ತಿ ಒಣಹವೆ. ಇಲ್ಲಿ ಸೆಕೆಯ ಬೆನ್ನಿಗೇ ಮುಂಗಾರು, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನ ಜೋರು ಮಳೆ. ಬೆಚ್ಚಗಿನ ಮಣ್ಣಿನಲ್ಲಿ ನೀರು ನಿಂತರೆ ಬೇರಿಗೆ ಗಾಳಿಯಾಡದೆ ಶಿಲೀಂಧ್ರ ಹತ್ತುತ್ತದೆ. ಸೂಜಿಯಂಥ ಬಿರುಸು ಎಲೆ ಬೇಗ ಬಾಡಿ ಸುಳಿವು ಕೊಡುವುದೂ ಇಲ್ಲ. ತುದಿ ಕಂದಿದ್ದು ಕಣ್ಣಿಗೆ ಬೀಳುವಾಗ ಬೇರು ಕೊಳೆತಿರುತ್ತದೆ. ಬಾಯಾರಿದೆಯೆಂದು ಇನ್ನೊಂದು ಚೊಂಬು ನೀರು ಸುರಿದರೆ ಗಿಡದ ಕತೆ ಮುಗಿಯಿತು.

ಹಾಗಾಗಿ ಏರುಮಡಿಯಲ್ಲಿ, ಇಲ್ಲವೇ ತಳದಲ್ಲಿ ತೂತಿರುವ ಮಣ್ಣಿನ ಕುಂಡದಲ್ಲಿ ನೆಡುವುದು ಲೇಸು. ಕೆಮ್ಮಣ್ಣಿಗೆ ದಪ್ಪ ಮರಳು ಧಾರಾಳವಾಗಿ ಬೆರೆಸಬೇಕು, ಗೊಬ್ಬರದಲ್ಲಿ ಕೈ ಬಿಗಿ ಹಿಡಿಯಬೇಕು. ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ತಾಕಿದ ಮೇಲಷ್ಟೇ ನೀರು. ಬೀಜ ಮೊಳೆಯುವುದು ನಿಧಾನ, ಮೊಳೆತದ್ದೂ ಅಷ್ಟಕ್ಕಷ್ಟೇ. 10ರಿಂದ 15 ಸೆಂಟಿಮೀಟರ್ ಉದ್ದದ ಕಡ್ಡಿ ಊರುವುದೇ ಎಲ್ಲ ಕಡೆಯ ರೂಢಿ. ಸುಗಂಧ ಸಸ್ಯಗಳ ಕೇಂದ್ರ ಸಂಸ್ಥೆ ಸಿಮ್ಯಾಪ್ ‘ಸಿಮ್ ಹರಿಯಾಲಿ’ ಎಂಬ ತಳಿಯನ್ನು ಹೊರತಂದಿದೆ. ಬೆಂಗಳೂರಿನಲ್ಲಿ ಆ ಸಂಸ್ಥೆಯ ಸಂಶೋಧನಾ ಕೇಂದ್ರವೂ ಇದೆ.

ಚಳಿಯ ಪಾಠ ಕಲಿಯಲು ಗುಂಡ್ಲುಪೇಟೆ, ಬಂಡೀಪುರ ದಾಟಿ ನೀಲಗಿರಿಯ ಘಾಟಿ ಹತ್ತಬೇಕು. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಹುಲ್ಲಿನ ಮೇಲೆ ಹಿಮ ಹೆಪ್ಪುಗಟ್ಟುತ್ತದೆ. ಆ ಬೆಟ್ಟಗಳಲ್ಲಿ ಥೈಮ್ ಜೊತೆ ರೋಸ್‌ಮರಿಯೂ ಹಣ ತರುವ ಬೆಳೆ. ಬೇರೂರಿದ ಗಿಡ ಮೈನಸ್ 7 ಡಿಗ್ರಿಯವರೆಗಿನ ಚಳಿಯನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ನೀರು ಬಸಿದುಹೋಗುವ ಇಳಿಜಾರು ಸಿಕ್ಕರೆ ಮತ್ತೂ ಅನುಕೂಲ.

ನ್ಯೂಜೆರ್ಸಿ, ಷಿಕಾಗೋ ಕಡೆಯ ಕನ್ನಡದ ಮನೆಗಳಲ್ಲಿ ಮಾತೇ ಬೇರೆ. ಅಲ್ಲಿ ಮಣ್ಣೇ ಹೆಪ್ಪುಗಟ್ಟುತ್ತದೆ. ಬೇರು ನೀರೆಳೆಯಲಾರದು, ಅತ್ತ ಕುಳಿರ್ಗಾಳಿ ಎಲೆಯ ತೇವ ಹೀರುತ್ತಲೇ ಇರುತ್ತದೆ. ಗಿಡ ಚಳಿಯಲ್ಲೇ ಬಾಯಾರಿ ಸಾಯುತ್ತದೆ. ಟೆಕ್ಸಾಸ್‌ನ ಆರ್ಪ್ ಎಂಬ ಊರಿನಲ್ಲಿ ಮ್ಯಾಡಲೀನ್ ಹಿಲ್ 1972ರಲ್ಲಿ ಗುರುತಿಸಿದ ‘ಆರ್ಪ್’ ತಳಿ ಮೈನಸ್ 20ರ ಆಸುಪಾಸಿನಲ್ಲೂ ಬದುಕಬಲ್ಲದು. ಉಳಿದವನ್ನು ಕರಿಬೇವಿನ ಹಾಗೆ ಕುಂಡದಲ್ಲಿಟ್ಟು ಒಳಗೆ ತರಬೇಕು.

ಆದರೆ ಎರಡನ್ನೂ ಹೀಟರ್ ಪಕ್ಕ ಜೋಡಿಸಿಡುವಂತಿಲ್ಲ. ಕರಿಬೇವಿಗೆ ಬೆಚ್ಚಗಿರಬೇಕು; ರೋಸ್‌ಮರಿಗೆ ತಂಪು ಮತ್ತು ಬೆಳಕು ಎರಡೂ ಬೇಕು. ಹೀಟರ್ ಹಾಕದ, ಆದರೆ ಹೆಪ್ಪುಗಟ್ಟದ ಕೋಣೆಯ ದಕ್ಷಿಣ ಕಿಟಕಿ ಅದಕ್ಕೆ ಸರಿಯಾದ ಜಾಗ. ಗಾಳಿಯಾಡದಿದ್ದರೆ ಎಲೆಗೆ ಬೂದಿರೋಗ ಬರುತ್ತದೆ, ಸಣ್ಣ ಫ್ಯಾನ್ ಸಾಕು ಅದನ್ನು ತಡೆಯಲು. ಹಿಮ ಬೀಳುವ ದಿನಗಳು ಕಳೆದ ಮೇಲೆ ಕುಂಡವನ್ನು ಮೊದಲು ಹಗಲಲ್ಲಿ ಕೆಲವು ಗಂಟೆ ನೆರಳಿನಲ್ಲಿಟ್ಟು, ವಾರ ಹತ್ತು ದಿನದಲ್ಲಿ ಪೂರ್ತಿ ಬಿಸಿಲಿಗೆ ತರುತ್ತಾರೆ. ಕತ್ತರಿ ಹಾಕುವುದೂ ಆಗಲೇ, ಅದೂ ಹಸಿರೆಲೆ ಇರುವಷ್ಟು ಭಾಗಕ್ಕೆ ಮಾತ್ರ. ಎಲೆಯಿಲ್ಲದ ಬರಿ ಕಟ್ಟಿಗೆಯವರೆಗೆ ಕತ್ತರಿಸಿದರೆ ಅಲ್ಲಿಂದ ಮತ್ತೆ ಚಿಗುರುವುದು ಅಪರೂಪ.